ಭಾನುವಾರ ನಿಮ್ಮದು, ಷೇರು ಅವರದು

ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡಿಕೊಂಡು ಕೂರುತ್ತೀರಿ ಎಂಬ ಪ್ರಶ್ನೆ ನಮ್ಮ ಉದ್ಯಮರಂಗದ ಕಾರ್ಯಸೂಚಿಗೆ ಸೇರಿದ್ದು 2025ರ ಜನವರಿಯಲ್ಲಿ. ಕೇಳಿದವರು ಲಾರ್ಸನ್ ಅಂಡ್ ಟೂಬ್ರೊ ಕಂಪನಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್. ನೌಕರರ ಮುಂದೆ ಆಡಿದ ಮಾತಿನ ವಿಡಿಯೊ ಹೊರಬಿದ್ದು ಊರೆಲ್ಲ ಸುತ್ತಿತು. ಭಾನುವಾರವೂ ನಿಮ್ಮಿಂದ ಕೆಲಸ ಮಾಡಿಸಲು ಆಗುತ್ತಿಲ್ಲವಲ್ಲ ಎಂಬ ಕೊರಗು, ಚೀನಾದವರು ವಾರಕ್ಕೆ 90 ಗಂಟೆ ದುಡಿಯುತ್ತಾರಂತೆ ಎಂಬ ಮೆಚ್ಚುಗೆ, ಅದರ ಜೊತೆಗೆ ಮನೆಯಲ್ಲಿ ಕೂತು ಮಾಡುವುದಾದರೂ ಏನು ಎಂಬ ಸಂಸಾರ ಮೀಮಾಂಸೆ. ಗದ್ದಲ ಎದ್ದ ಮೇಲೆ ಕಂಪನಿಯವರು ಇದು ರಾಷ್ಟ್ರನಿರ್ಮಾಣದ ಕಾಳಜಿ ಎಂದು ವಿವರಣೆ ಕೊಟ್ಟರು. ರಾಷ್ಟ್ರನಿರ್ಮಾಣಕ್ಕೆ ಹೆಂಡತಿಯ ಮುಖ ಅಡ್ಡ ಬರುತ್ತದೆಂದು ಅಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ. ಗಂಡನ ಮುಖ ನೋಡಿಕೊಂಡು ಕೂರಬೇಕಾದ ಹೆಂಗಸರನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ತೊಂಬತ್ತೇನು, ನೂರಕ್ಕೂ ಒಪ್ಪಿಗೆ ಸಿಗುತ್ತಿತ್ತೇನೋ.

ಹೋಗಲಿ, ಲೆಕ್ಕ ನೋಡೋಣ. 2023–24ರಲ್ಲಿ ಆ ಅಧ್ಯಕ್ಷರು ಪಡೆದದ್ದು 51 ಕೋಟಿ ರೂಪಾಯಿ. ಕಂಪನಿಯ ನೌಕರರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಒಬ್ಬ ಸಿಗುತ್ತಾನಲ್ಲ, ಅವನ ಸಂಬಳದ 534 ಪಟ್ಟು. ಇದು ಕಂಪನಿಯ ವಾರ್ಷಿಕ ವರದಿಯಲ್ಲೇ ಅಚ್ಚಾದ ಅಂಕಿ. ನಡುವಿನವನು ಕಾನೂನಿನಂತೆ ವಾರಕ್ಕೆ 48 ಗಂಟೆ ದುಡಿಯುತ್ತಾನೆ ಎಂದಿಟ್ಟುಕೊಳ್ಳಿ. ದುಡಿಮೆಯ ಗಂಟೆಯಿಂದಲೇ ಸಂಪಾದನೆ ಬೆಳೆಯುವುದಾದರೆ, ಅಧ್ಯಕ್ಷರ ಸಂಬಳ ಮುಟ್ಟಲು ಅವನು ವಾರಕ್ಕೆ 25 ಸಾವಿರಕ್ಕೂ ಹೆಚ್ಚು ಗಂಟೆ ದುಡಿಯಬೇಕು. ವಾರವೊಂದರಲ್ಲಿ ದೇವರು ಇಟ್ಟಿರುವುದು 168 ಗಂಟೆ ಮಾತ್ರ. ಉಳಿದ ಗಂಟೆಗಳು ಎಲ್ಲಿಂದ ಬಂದವು ಎಂದು ಯಾರಾದರೂ ಹೇಳಿದರೆ ನಾವೂ ಒಂದಷ್ಟು ತಂದಿಟ್ಟುಕೊಳ್ಳುತ್ತೇವೆ.

ಗಂಟೆಗೂ ಸಿರಿವಂತಿಕೆಗೂ ನೆಂಟಸ್ತನ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ. ಆದರೆ ಅದು ಯಾರ ಗಂಟೆ, ಯಾರ ಸಿರಿ ಎಂಬುದರಲ್ಲಿ ಸ್ವಲ್ಪ ಗೊಂದಲವಿದೆ.

ಈ ಗಂಟೆಯ ಉಪದೇಶಕ್ಕೆ ನಾಂದಿ ಹಾಡಿದ್ದು ನಮ್ಮವರೇ. 2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್‌ನ ಎನ್.ಆರ್. ನಾರಾಯಣ ಮೂರ್ತಿಯವರು ಪಾಡ್‌ಕಾಸ್ಟ್ ಒಂದರಲ್ಲಿ, ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಎರಡನೇ ಮಹಾಯುದ್ಧದ ನಂತರದ ಜರ್ಮನಿ, ಜಪಾನುಗಳನ್ನು ನೆನೆದರು. ಮರುವರ್ಷ, ನಾವು ಆರು ದಿನದ ವಾರದಿಂದ ಐದು ದಿನದ ವಾರಕ್ಕೆ ಇಳಿದದ್ದು ತಮಗೆ ಬೇಸರ ತಂದಿತ್ತು ಎಂದರು. ಈ ನಂಬಿಕೆಯನ್ನು ಸಾಯುವವರೆಗೂ ಬಿಡುವುದಿಲ್ಲ ಎಂದೂ ಸೇರಿಸಿದರು. ಅವರ ಮಾತಿನಲ್ಲಿ ಬೂಟಾಟಿಕೆ ಇರಲಿಲ್ಲ. ಬೆಳಗ್ಗೆ ಆರೂವರೆಯೊಳಗೆ ಕಚೇರಿಗೆ ಬಂದು ರಾತ್ರಿ ಎಂಟೂವರೆಗೆ ಹೊರಡುತ್ತಿದ್ದವರು ಅವರು. 1981ರಲ್ಲಿ ಹೆಂಡತಿ ಕೊಟ್ಟ ಹತ್ತು ಸಾವಿರ ರೂಪಾಯಿಯಿಂದ ಶುರುವಾದ ಕಂಪನಿ ಇವತ್ತು ಎಲ್ಲಿದೆ ಎಂದು ನಾನು ಹೇಳಬೇಕಿಲ್ಲ.

2024ರ ಮಾರ್ಚ್‌ನಲ್ಲಿ ಮೂರ್ತಿಯವರು ನಾಲ್ಕು ತಿಂಗಳ ಮೊಮ್ಮಗನಿಗೆ ಇನ್ಫೊಸಿಸ್‌ನ 15 ಲಕ್ಷ ಷೇರು ಉಡುಗೊರೆ ಕೊಟ್ಟರು. ಆ ದಿನದ ಬೆಲೆ 240 ಕೋಟಿ ರೂಪಾಯಿಗೂ ಹೆಚ್ಚು. ಅಜ್ಜ ಮೊಮ್ಮಗನಿಗೆ ಕೊಟ್ಟರೆ ನಮಗೇನು ಹೊಟ್ಟೆನೋವು? ಏನೂ ಇಲ್ಲ. ನಮ್ಮ ಅಜ್ಜಂದಿರು ಕೊಬ್ಬರಿ ಮಿಠಾಯಿ ಕೊಟ್ಟರು, ನಾವೂ ಬೇಡ ಅನ್ನಲಿಲ್ಲ. ಕೂಸು ಬೆಳೆಯಲಿ, ನೂರು ವರ್ಷ ಬಾಳಲಿ. ನನಗೆ ಇರುವುದು ಬರೀ ಗಣಿತದ ಕುತೂಹಲ. ಎಂಜಿನಿಯರಿಂಗ್ ಮುಗಿಸಿ ನಮ್ಮ ಐಟಿ ಕಂಪನಿಗಳಿಗೆ ಕಾಲಿಡುವ ಹುಡುಗ-ಹುಡುಗಿಯರಿಗೆ ಹತ್ತು ಹದಿನೈದು ವರ್ಷದಿಂದ ಹೆಚ್ಚುಕಡಿಮೆ ಅದೇ ಮೂರು, ಮೂರೂವರೆ ಲಕ್ಷದ ವಾರ್ಷಿಕ ಸಂಬಳ. ಉದಾರವಾಗಿ 3.6 ಲಕ್ಷ ಎಂದುಕೊಳ್ಳೋಣ. ಪೀಜಿ ಬಾಡಿಗೆ ಕಟ್ಟದೆ, ಊಟ ಮಾಡದೆ, ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಕೂಡಿಟ್ಟರೆ 240 ಕೋಟಿ ಮುಟ್ಟಲು 6,666 ವರ್ಷ ಬೇಕು. ಅಂದರೆ ಹರಪ್ಪದಲ್ಲಿ ಊರು ಕಟ್ಟುವುದಕ್ಕೆ ಎರಡು ಸಾವಿರ ವರ್ಷ ಮೊದಲೇ ಆ ಹುಡುಗ ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೇರಿಸಿ ಎಲೆಕ್ಟ್ರಾನಿಕ್ ಸಿಟಿಯ ಗೇಟಿನಲ್ಲಿ ಕಾರ್ಡು ತೋರಿಸಿ ಒಳಗೆ ಹೋಗಿರಬೇಕಿತ್ತು. ತಡವಾಗಿ ಹುಟ್ಟಿದ್ದು ಅವನದೇ ತಪ್ಪು.

2025ರಲ್ಲಿ ಕಂಪನಿ ಷೇರಿಗೆ 22 ರೂಪಾಯಿ ಅಂತಿಮ ಲಾಭಾಂಶ ಘೋಷಿಸಿದಾಗ ಕೂಸಿನ ಪಾಲಿಗೆ ಬಂದದ್ದು 3.3 ಕೋಟಿ. ಆ ವಾರ ಅದು ಎಷ್ಟು ಗಂಟೆ ದುಡಿದಿತ್ತು ಎಂಬ ಮಾಹಿತಿ ಲಭ್ಯವಿಲ್ಲ. ಆ ವಯಸ್ಸಿನ ಮಕ್ಕಳು ದಿನಕ್ಕೆ ಹನ್ನೆರಡು ಗಂಟೆ ನಿದ್ದೆ ಮಾಡುತ್ತವೆ ಎಂದು ಮಕ್ಕಳ ಡಾಕ್ಟರು ಹೇಳುತ್ತಾರೆ.

ನೋಡಿ, ಇಲ್ಲಿ ಇನ್ಫೊಸಿಸ್‌ಗೆ ಸಲ್ಲಬೇಕಾದದ್ದು ಸಲ್ಲಬೇಕು. ತೊಂಬತ್ತರ ದಶಕದಲ್ಲಿ ಷೇರನ್ನು ನೌಕರರಿಗೂ ಹಂಚಿದ ಮೊದಲ ಭಾರತೀಯ ಕಂಪನಿಗಳಲ್ಲಿ ಅದೂ ಒಂದು. ಅವತ್ತು ಆ ಕಚೇರಿಯಲ್ಲಿ ರಾತ್ರಿ ಹತ್ತರವರೆಗೆ ಕೂತವರು ಪಾಡ್‌ಕಾಸ್ಟ್ ಕೇಳಿ ಕೂತವರಲ್ಲ, ಪಾಲಿತ್ತು, ಕೂತರು. ಪಾಲಿದ್ದವನಿಗೆ ಗಂಟೆ ಎಷ್ಟೆಂದು ಯಾರೂ ಹೇಳಿಕೊಡಬೇಕಿಲ್ಲ, ಕೋಲಾರದ ಟೊಮೆಟೊ ಬೆಳೆಗಾರನನ್ನು ಕೇಳಿ ನೋಡಿ. ಈಗಿನ ಹೊಸ ವಿಧಾನವೇನೆಂದರೆ ಪಾಲನ್ನು ತೆಗೆದಿಟ್ಟುಕೊಂಡು ಗಂಟೆಯನ್ನಷ್ಟೇ ಹಂಚುವುದು.

ವಾರಾಂತ್ಯ ಎಂಬುದೇ ನಮ್ಮ ಸಂಸ್ಕೃತಿಯದಲ್ಲ, ಪಶ್ಚಿಮದಿಂದ ಬಂದದ್ದು ಎಂಬ ಸಂಶೋಧನೆಯೂ ಆಗಿದೆ. ಹೀಗೆಂದವರು ಓಲಾದ ಭವಿಷ್ ಅಗರ್‌ವಾಲ್. ಹೌದು, ಭಾನುವಾರ ಪಶ್ಚಿಮದ್ದು. ವೆಂಚರ್ ಕ್ಯಾಪಿಟಲ್, ಐಪಿಒ, ಲಿಮಿಟೆಡ್ ಕಂಪನಿ ಇವೆಲ್ಲ ಮಾತ್ರ ಅಥರ್ವವೇದದಲ್ಲಿವೆ. ಭಾನುವಾರ ನಮಗೆ ಪುಕ್ಕಟೆ ಬಂದದ್ದೂ ಅಲ್ಲ. ಮುಂಬೈನ ಗಿರಣಿ ಕಾರ್ಮಿಕರನ್ನು ಕಟ್ಟಿಕೊಂಡು ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರಲ್ಲಿ ಗಿರಣಿ ಮಾಲೀಕರು ವಾರಕ್ಕೊಂದು ದಿನ ರಜೆ ಒಪ್ಪಿದರು. ಅದಕ್ಕೂ ಹಿಂದಿನಿಂದ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಪದ್ಧತಿ ಇದೆ: ಸೋಮವಾರ ಬಸವಣ್ಣನ ವಾರ, ಎತ್ತಿಗೆ ನೊಗ ಹೂಡುವಂತಿಲ್ಲ. ಹೂಡಿದವನನ್ನು ಊರು ಕೆಟ್ಟ ಕಣ್ಣಿನಿಂದ ನೋಡುತ್ತಿತ್ತು. ಹಾಗಾಗಿ ವಾರದ ರಜೆ ಭಾರತೀಯವೋ ಅಲ್ಲವೋ ಎಂಬ ಚರ್ಚೆ ಎತ್ತುಗಳ ಮಟ್ಟಿಗೆ ಎಂದೋ ಮುಗಿದಿದೆ. ಬಾಕಿ ಇರುವುದು ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರನದು.

ಅವನ ದಿನವನ್ನೇ ತೆಗೆದುಕೊಳ್ಳಿ. ವಾರಕ್ಕೆ 70 ಗಂಟೆಯನ್ನು ಆರು ದಿನಕ್ಕೆ ಹರಡಿದರೆ ದಿನಕ್ಕೆ 11 ಗಂಟೆ 40 ನಿಮಿಷ. ಇದಕ್ಕೆ ಬೆಂಗಳೂರನ್ನು ಸೇರಿಸಬೇಕು. 2024ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದ ಪ್ರಕಾರ ಈ ಊರಿನಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ. ಸರಾಸರಿ ಎಂದರೆ ನಡುರಾತ್ರಿಯ ಖಾಲಿ ರಸ್ತೆಯೂ ಅದರಲ್ಲಿ ಸೇರಿದೆ, ಗೊತ್ತಿರಲಿ. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವನಿಗೆ ಈ ಸಂಖ್ಯೆ ಹೇಳಿದರೆ ಹೊಡೆಯಲು ಬರುತ್ತಾನೆ. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಬಂದು ಎಲೆಕ್ಟ್ರಾನಿಕ್ ಸಿಟಿಯ ಕಡೆಯವರಿಗೆ ಸ್ವಲ್ಪ ಉಸಿರಾಡಲು ಆಯಿತು, ನಿಜ. ಆದರೂ ಹೋಗಿ ಬರಲು ಮೂರು ಗಂಟೆ ಇಟ್ಟುಕೊಳ್ಳಿ. ಏಳು ಗಂಟೆ ನಿದ್ದೆ. ಉಳಿದದ್ದು ಎರಡು ಗಂಟೆ ಚಿಲ್ಲರೆ. ಅದರಲ್ಲಿ ಸ್ನಾನ, ತಿಂಡಿ, ಗ್ಯಾಸ್ ಬುಕಿಂಗು, ಮಗುವಿನ ಹೋಂವರ್ಕು, ಊರಿನಲ್ಲಿರುವ ಅಮ್ಮನಿಗೆ ಫೋನು. ಅಮ್ಮ ಕೇಳುತ್ತಾಳೆ, ಊಟ ಆಯ್ತೇನಪ್ಪ ಅಂತ. ಆಯ್ತಮ್ಮ ಅಂತ ಇವನು. ಇಬ್ಬರಿಗೂ ಗೊತ್ತು ಆಗಿಲ್ಲ ಅಂತ. ಹೆಂಡತಿಯ ಮುಖ ನೋಡಿಕೊಂಡು ಕೂರುವ ಆ ಐಷಾರಾಮಿ ಮನುಷ್ಯ ಯಾರೋ, ನನಗಂತೂ ಎದುರಾಗಿಲ್ಲ.

ಕಾನೂನು ಏನು ಹೇಳುತ್ತದೆ? ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಎಂಬುದೊಂದಿದೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ, ಹೆಚ್ಚು ದುಡಿಸಿದರೆ ದುಪ್ಪಟ್ಟು ಕೂಲಿ. ಬಳೆ ಅಂಗಡಿಗೂ ಬಹುರಾಷ್ಟ್ರೀಯ ಕಂಪನಿಗೂ ಇದೇ. ಓವರ್‌ಟೈಮ್ ದುಡ್ಡು ಕೊಡಿ ಎಂದು ಟೀಮ್ ಲೀಡರನ್ನು ಕೇಳಿ ನೋಡಿ. ಅವನು ನಿಮ್ಮನ್ನು ನೋಡುವ ನೋಟದಲ್ಲಿ ಸಿಟ್ಟಿರುವುದಿಲ್ಲ, ಕನಿಕರ ಇರುತ್ತದೆ. ‘ಮಗಾ, ನೀನು ಇನ್ನೂ ಆ ಮೈಂಡ್‌ಸೆಟ್‌ನಲ್ಲೇ ಇದ್ದೀಯಾ? ಓನರ್‌ಶಿಪ್ ತಗೋಬೇಕು ಕಣೋ.’ ಓನರ್‌ಶಿಪ್! ಎರಡು ಸಾವಿರ ಜನರ ಕಚೇರಿಯಲ್ಲಿ ದಿನಕ್ಕೆ ಎರಡು ಸಾವಿರ ಸಲ ಕೇಳಿಬರುವ ಮಾತು. ತಗೊಳ್ಳಲು ನಾವು ತಯಾರಿದ್ದೇವೆ ಸಾರ್, ಕೊಡುವ ಕೌಂಟರ್ ಯಾವ ಫ್ಲೋರಿನಲ್ಲಿದೆ?

2024ರ ಜುಲೈನಲ್ಲಿ ಈ ಕಾಯ್ದೆಗೇ ತಿದ್ದುಪಡಿಯ ಪ್ರಸ್ತಾವ ಬಂತು. ಐಟಿ, ಬಿಪಿಒದವರನ್ನು ದಿನಕ್ಕೆ 12 ಗಂಟೆಗೂ ಮೀರಿ ದುಡಿಸಬಹುದು, ಮೂರು ತಿಂಗಳಿಗೆ ಒಟ್ಟು 125 ಗಂಟೆ ಹೆಚ್ಚುವರಿ ಎಂದು. ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿಯಿತು. ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರು ಇದು ನಮ್ಮದಲ್ಲ, ಕಂಪನಿಗಳ ಒತ್ತಾಯ ಎಂದರು. ಕಂಪನಿಗಳ ಕಡೆಯವರು ನಾವು ಕೇಳಿಯೇ ಇಲ್ಲ ಎಂಬ ಧಾಟಿಯಲ್ಲಿ ಮಾತಾಡಿದರು. ಹಾಗಾದರೆ ಆ ಪ್ರಸ್ತಾವ ತಾನಾಗಿಯೇ ವಿಧಾನಸೌಧದ ಮೆಟ್ಟಿಲು ಹತ್ತಿ ಬಂದಿರಬೇಕು. ಮರುವರ್ಷ ಹತ್ತು ಗಂಟೆಯ ದಿನದ ಮಾತು ಮತ್ತೆ ಬಂತು, ಮತ್ತೆ ಪ್ರತಿಭಟನೆ. ಕಾರ್ಖಾನೆಗಳ ಕತೆ ಇಷ್ಟೂ ಎಳೆಯಲಿಲ್ಲ. ಅಲ್ಲಿ 12 ಗಂಟೆಯ ಪಾಳಿಗೆ ದಾರಿ ಮಾಡುವ ತಿದ್ದುಪಡಿ 2023ರಲ್ಲೇ ಸದ್ದಿಲ್ಲದೆ ಪಾಸಾಗಿತ್ತು.

ಮಹತ್ವಾಕಾಂಕ್ಷೆ ಇಲ್ಲದೆ ಉದ್ಯಮ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಒಪ್ಪಿಯೇ ಕೇಳುತ್ತೇನೆ, ಅದರ ಕೂಲಿ ಯಾರ ಜೇಬಿನಿಂದ? 2024ರ ನವೆಂಬರ್‌ನಲ್ಲಿ ಜೊಮ್ಯಾಟೊದ ದೀಪಿಂದರ್ ಗೋಯಲ್ ಒಂದು ಹುದ್ದೆಗೆ ಅರ್ಜಿ ಕರೆದರು. ಮೊದಲ ವರ್ಷ ಸಂಬಳ ಇಲ್ಲ; ಸೇರುವವರೇ 20 ಲಕ್ಷ ರೂಪಾಯಿ ದಾನಕ್ಕೆ ಕೊಡಬೇಕು. ಹತ್ತು ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. ಅದು ಆಸಕ್ತರನ್ನು ಸೋಸಲು ಹೂಡಿದ ಉಪಾಯ ಅಷ್ಟೇ, ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದು ಅವರೇ ಆಮೇಲೆ ಹೇಳಿದರು. ಅವರನ್ನು ಬಿಡಿ. ನನ್ನ ನಿದ್ದೆ ಕೆಡಿಸಿದ್ದು ಆ ಅರ್ಜಿದಾರರು. ನಮ್ಮ ಕಡೆ ಸರ್ಕಾರಿ ಕೆಲಸಕ್ಕೆ ಲಂಚ ಕೊಡುವವನು ಕೂಡ ಮುಂದಿನ ತಿಂಗಳಿನಿಂದ ಸಂಬಳ ಬರುತ್ತದೆ ಎಂಬ ನಂಬಿಕೆಯ ಮೇಲೆ ಕೊಡುತ್ತಾನೆ. ಮನೆಬಾಗಿಲಿಗೆ ದಿನಸಿ ತಲುಪಿಸುವ ಜೆಪ್ಟೊದ ಆದಿತ್ ಪಾಲಿಚಾ ಇನ್ನೂ ಚುರುಕು. ಕೆಲಸ ಮತ್ತು ಬದುಕಿನ ಸಮತೋಲನಕ್ಕೆ ತಾನು ವಿರೋಧಿಯಲ್ಲ, ತನ್ನ ಪ್ರತಿಸ್ಪರ್ಧಿಗಳಿಗೆಲ್ಲ ಅದನ್ನು ಶಿಫಾರಸು ಮಾಡುತ್ತೇನೆ ಎಂದು ಬರೆದುಕೊಂಡರು. ಚಪ್ಪಾಳೆ ತಟ್ಟಿದವರಲ್ಲಿ ಬಹುಪಾಲು ಸಂಬಳದಾರರೇ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತಲುಪಿಸಲು ಕೆಂಪು ಸಿಗ್ನಲ್ ಹಾರಿಸಿಕೊಂಡು ಬರುವ ಹುಡುಗನಿಗೆ ಆ ಪೋಸ್ಟ್ ಓದಲು ಪುರುಸೊತ್ತಿರಲಿಲ್ಲ. ಅಂದ ಹಾಗೆ ಈ ಉದ್ಯಮದಲ್ಲಿ ಅವನು ನೌಕರನೂ ಅಲ್ಲ, ‘ಪಾರ್ಟ್‌ನರ್’. ಪಾಲುದಾರನಿಗೆ ಪಿಎಫ್ ಏಕೆ, ಇಎಸ್‌ಐ ಏಕೆ? ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರಿಗೆಂದೇ ಕಾನೂನು ತಂದು, ಅವರಿಗೆ ಕೊಡುವ ಪಾವತಿಯ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ವಸೂಲು ಮಾಡಬೇಕಾಯಿತು. ಪಾಲುದಾರಿಕೆಯಲ್ಲಿ ಅವನಿಗೆ ಬಂದ ಮೊದಲ ಪಾಲು ಅದೇ ಇರಬೇಕು.

ಇನ್ನು ಕೆಲವರು ನೌಕರನನ್ನು ಪಾಲುದಾರ ಎನ್ನುವುದಿಲ್ಲ, ಕುಟುಂಬ ಎನ್ನುತ್ತಾರೆ. ಸೇರಿದ ದಿನ ಎಚ್‌ಆರ್ ಮೇಡಂ ನಗುನಗುತ್ತಾ ಹೇಳುವ ಮೊದಲ ಮಾತು ಅದು. ನಮ್ಮ ಅವಿಭಕ್ತ ಕುಟುಂಬದಲ್ಲಿ ಹುಟ್ಟಿದ ಮಗನಿಗೆ, 2005ರಿಂದ ಮಗಳಿಗೂ, ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿದೆ. ಒಮ್ಮೆ ಎಚ್‌ಆರ್ ಮೇಡಂ ಮುಂದೆ ಪಾಲುಪಟ್ಟಿ ಕೇಳಿ. ಸಂಜೆಯೊಳಗೆ ಐಡಿ ಕಾರ್ಡು ಕೆಲಸ ಮಾಡುವುದು ನಿಲ್ಲಿಸುತ್ತದೆ.

2022ರ ಅಕ್ಟೋಬರ್‌ನಲ್ಲಿ ಆನ್‌ಲೈನ್ ಪಾಠ ಮಾರುವ ಬೆಂಗಳೂರಿನ ಬೈಜೂಸ್ ಕುಟುಂಬದಿಂದ 2,500 ಸದಸ್ಯರನ್ನು ಕೈಬಿಡುವುದಾಗಿ ಪ್ರಕಟಣೆ ಬಂತು, ಖರ್ಚು ಕಡಿತಕ್ಕೆ. ನವೆಂಬರ್ ಮೊದಲ ವಾರದಲ್ಲಿ ಫುಟ್‌ಬಾಲ್ ಆಟಗಾರ ಲಯೊನೆಲ್ ಮೆಸ್ಸಿ ಅದೇ ಕಂಪನಿಯ ರಾಯಭಾರಿಯಾದರು, ಕತಾರ್ ವಿಶ್ವಕಪ್‌ಗೆ ಕಂಪನಿ ಪ್ರಾಯೋಜಕತ್ವವನ್ನೂ ವಹಿಸಿತ್ತು. ಆ ವರ್ಷ ಹೂಡಿಕೆದಾರರು ಅದಕ್ಕೆ ಕಟ್ಟಿದ ಬೆಲೆ 2,200 ಕೋಟಿ ಡಾಲರ್. 2024ರ ಜುಲೈನಲ್ಲಿ, ಕ್ರಿಕೆಟ್ ಜೆರ್ಸಿಯ ಬಾಬ್ತು 158 ಕೋಟಿ ರೂಪಾಯಿ ಬಾಕಿಗಾಗಿ ಬಿಸಿಸಿಐ ಹಾಕಿದ ಅರ್ಜಿಯ ಮೇಲೆ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ (ಎನ್‌ಸಿಎಲ್‌ಟಿ) ಅದನ್ನು ದಿವಾಳಿ ಪ್ರಕ್ರಿಯೆಗೆ ಒಪ್ಪಿಸಿತು. ಸಂಬಳ ಕೊಡಲು ಸಂಸ್ಥಾಪಕರು ಮನೆಗಳನ್ನೇ ಅಡವಿಟ್ಟರು ಎಂದೂ ಅದಕ್ಕೆ ಮೊದಲು ವರದಿಯಾಗಿತ್ತು. ಅದನ್ನೂ ಮರೆಯಬಾರದು. ಆದರೆ ರಾತ್ರಿ ಹತ್ತು ಗಂಟೆಗೆ ತುಮಕೂರಿನ ಬಡ ತಂದೆಗೆ ಫೋನು ಮಾಡಿ, ಕೋರ್ಸ್ ತಗೊಳ್ಳದಿದ್ದರೆ ಮಗನ ಭವಿಷ್ಯ ಹಾಳು ಎಂದು ಹೆದರಿಸುವ ಕೆಲಸ ಈ ಉದ್ಯಮದ ಎಷ್ಟೋ ಹುಡುಗರಿಗೆ ಬಂತಲ್ಲ, ಆ ಟಾರ್ಗೆಟ್ಟು ಮುಟ್ಟದೆ ಅತ್ತವರ ಲೆಕ್ಕ ಯಾವ ನ್ಯಾಯಮಂಡಳಿಯ ಮುಂದೂ ಹೋಗಲಿಲ್ಲ.

ದಿವಾಳಿಯಲ್ಲೂ ಒಂದು ಕ್ಯೂ ಇದೆ, 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ನು. ಕಂಪನಿ ಮುಚ್ಚಿ ಆಸ್ತಿ ಮಾರಿದರೆ ಮೊದಲು ಪ್ರಕ್ರಿಯೆಯ ಖರ್ಚು, ಅಂದರೆ ದಿವಾಳಿ ಮಾಡಿಸಿದವರ ಫೀಜು. ಆಮೇಲೆ ‘ವರ್ಕ್‌ಮನ್’ ಎನಿಸಿಕೊಂಡವರ ಎರಡು ವರ್ಷದ ಬಾಕಿ ಮತ್ತು ಅಡಮಾನ ಹಿಡಿದ ಸಾಲದವರು ಜೊತೆಜೊತೆಗೆ. ಅದಾದ ಮೇಲೆ ಉಳಿದ ನೌಕರರ ಒಂದು ವರ್ಷದ ಸಂಬಳ. ತನ್ನನ್ನು ಕಾರ್ಮಿಕ ಎಂದರೆ ಮುಖ ಗಂಟಿಕ್ಕುತ್ತಿದ್ದ ಅಸಿಸ್ಟೆಂಟ್ ಮ್ಯಾನೇಜರು, ತಾನು ಕಾರ್ಮಿಕನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮೊದಲ ಬಾರಿಗೆ ಹಂಬಲಿಸುವುದು ಈ ಕ್ಯೂನಲ್ಲಿ ನಿಂತಾಗ. ಷೇರುದಾರರು ಕಟ್ಟಕಡೆ. ಕಾಗದದ ಮೇಲೆ ಇದು ನ್ಯಾಯವಾಗಿಯೇ ಇದೆ. ಸಾಹಸ ಮಾಡಿದವನು ಕೊನೆಯಲ್ಲಿ ನಿಲ್ಲಬೇಕು, ಸರಿ. ಅವನಿಗೆ ಆ ಹೊತ್ತಿಗೆ ಬೇರೆ ಕಡೆ ಹೋಗಲು ವಿಮಾನದ ಟಿಕೆಟ್ಟು ಇರದಿದ್ದರೆ.

ವಿಮಾನ ಎಂದಾಗ ನೆನಪಾಯಿತು. 2005ರಲ್ಲಿ ಹಾರಿದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ನೆಲಕ್ಕಿಳಿದದ್ದು ಮತ್ತೆ ಏಳಲಿಲ್ಲ. ಪೈಲಟ್‌ಗಳು, ಗಗನಸಖಿಯರು, ಎಂಜಿನಿಯರುಗಳು, ಸಾಮಾನು ಹೊರುವವರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಕಾದರು. ಅವರ ಪೈಕಿ ಯಾರದಾದರೂ ಮನೆ ಸಾಲದ ಚೆಕ್ ಬೌನ್ಸ್ ಆಗಿದ್ದರೆ ಅದಕ್ಕೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನು ಇದೆ, ಎರಡು ವರ್ಷದವರೆಗೆ ಜೈಲು. ಮಾಲೀಕರು, ನಮ್ಮ ರಾಜ್ಯವೇ ಎರಡು ಸಲ ರಾಜ್ಯಸಭೆಗೆ ಕಳಿಸಿದ ವಿಜಯ್ ಮಲ್ಯ, 2015ರ ಡಿಸೆಂಬರ್‌ನಲ್ಲಿ ಗೋವಾದಲ್ಲಿ ಅರವತ್ತರ ಹುಟ್ಟುಹಬ್ಬ ಆಚರಿಸಿಕೊಂಡು, 2016ರ ಮಾರ್ಚ್ 2ರಂದು ದೇಶ ಬಿಟ್ಟು ಲಂಡನ್ ಸೇರಿದರು. 2025ರ ಜೂನ್‌ನಲ್ಲಿ ನಾಲ್ಕು ಗಂಟೆಯ ಪಾಡ್‌ಕಾಸ್ಟ್ ಒಂದರಲ್ಲಿ ತಾನು ಕಳ್ಳನಲ್ಲ, ವ್ಯಾಪಾರ ಸೋತಿತು ಎಂದು ವಿವರಿಸಿ, ಸಂಬಳ ಸಿಗದ ನೌಕರರ ಕ್ಷಮೆಯನ್ನೂ ಕೇಳಿದರು. ಅವರ ಆಸ್ತಿಯಿಂದ 14,131 ಕೋಟಿ ರೂಪಾಯಿ ಬ್ಯಾಂಕುಗಳಿಗೆ ಮರಳಿಸಲಾಗಿದೆ ಎಂದು ಸರ್ಕಾರವೇ 2024ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಹೇಳಿತ್ತು. ಬ್ಯಾಂಕಿಗೆ ದುಡ್ಡು, ನೌಕರರಿಗೆ ಕ್ಷಮೆ. ಹಂಚಿಕೆ ಎಂದರೆ ಹೀಗಿರಬೇಕು.

ಇಷ್ಟೆಲ್ಲ ನೋಡಿಯೂ ನಾವು ಯಾವ ಕಡೆ ನಿಂತಿದ್ದೇವೆ? ಸಂಬಳದವನ ಮನಸ್ಸಿನೊಳಗೆ ಒಬ್ಬ ಪುಟ್ಟ ಮಾಲೀಕ ಕೂತಿದ್ದಾನೆ. ತೊಂಬತ್ತು ಗಂಟೆಯ ಸುದ್ದಿ ಓದಿ ಉರಿದುಬಿದ್ದವನು ಅದೇ ಬೆಳಗ್ಗೆ ಅಡುಗೆಯಾಕೆಗೆ, ‘ಯುಗಾದಿಗೆ ಎರಡು ದಿನ ರಜಾನಾ? ನಮಗೂ ಹಬ್ಬ ಅಲ್ವೇನಮ್ಮ, ಮನೆಗೆ ನೆಂಟರು ಬರ್ತಾರೆ’ ಎನ್ನುತ್ತಾನೆ. ‘ಊರಲ್ಲಿ ಮಕ್ಕಳು ಕಾಯ್ತಾವೆ ಸಾರ್’ ಎಂದು ಆಕೆ. ‘ಹೋಗು, ಆದರೆ ಸಂಬಳ ಹಿಡೀತೀನಿ.’ ಆಕೆ ಆರು ಮನೆ ಸುತ್ತುತ್ತಾಳೆ. ಬೆಳಗ್ಗೆ ಆರಕ್ಕೆ ಶುರು, ರಾತ್ರಿ ಎಂಟಕ್ಕೆ ಮುಕ್ತಾಯ, ಭಾನುವಾರ ಎಲ್ಲರೂ ಮನೆಯಲ್ಲಿರುವುದರಿಂದ ಪಾತ್ರೆ ಜಾಸ್ತಿ. 70 ಗಂಟೆಯ ರಾಷ್ಟ್ರನಿರ್ಮಾಣವನ್ನು ಆಕೆ ಐದೇ ದಿನದಲ್ಲಿ ಮುಗಿಸಿರುತ್ತಾಳೆ. ಯಾವ ಪಾಡ್‌ಕಾಸ್ಟೂ ಆಕೆಯನ್ನು ಕರೆದಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಇಡ್ಲಿ ಹಿಟ್ಟಿನ ಮುಂದೆ ನಿಲ್ಲುವ ಸಣ್ಣ ಹೋಟೆಲಿನವನೂ ಉದ್ಯಮಿಯೇ ತಾನೆ? ವಾರಕ್ಕೆ ನೂರು ಗಂಟೆ ಅವನಿಗೆ ಮಾಮೂಲು. ಹೂಡಿದ್ದು ಸ್ವಂತ ದುಡ್ಡು, ಇಲ್ಲವೇ ಹೆಂಡತಿಯ ಬಳೆ. ಕಾಯಕದ ವಿಚಾರದಲ್ಲಿ ಅವನನ್ನು ಮೀರಿಸುವವರು ಇಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟದ್ದು ಬೇಕರಿ, ಟೀ ಅಂಗಡಿ, ತರಕಾರಿ ಅಂಗಡಿಗಳ ಇಂಥವರಿಗೇ. ಬೆಂಗಳೂರಿನ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ರಟ್ಟು ತೂಗಿತು. ನೂರು ಗಂಟೆ ದುಡಿದವನಿಗೆ ನೋಟಿಸು, ನೂರು ಗಂಟೆ ದುಡಿಯಿರಿ ಎಂದವನಿಗೆ ಶಾಲು ಹಾರ.

ಕಾಯಕ ಎಂದೆನಲ್ಲ. ಬಸವಣ್ಣನವರ ಕಾಲದ ಆ ಮಾತನ್ನು ಈಗ ಕಂಪನಿಯ ರಿಸೆಪ್ಷನ್ ಗೋಡೆಗೆ ಹಿತ್ತಾಳೆ ಅಕ್ಷರದಲ್ಲಿ ಹೊಡೆಸುತ್ತಾರೆ, ರಾಜ್ಯೋತ್ಸವದ ದಿನ ಅದಕ್ಕೆ ಹೂವು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕತೆ ಅದೇ ಕಾಲದ್ದು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮರಿಗೆ ಊಟ ಬಡಿಸುವುದು ಅವರ ಕಾಯಕ. ಒಂದು ದಿನ ಗಂಡ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ, ಇಷ್ಟೇಕೆ, ಇದು ನಮ್ಮ ಪಾಲಿನದಲ್ಲ, ಹೋಗಿ ಅಲ್ಲೇ ಸುರಿದು ಬಾ ಎಂದು ವಾಪಸ್ಸು ಕಳಿಸಿದಳು. ಕಾಯಕ ಬಿಟ್ಟು ಗೋಷ್ಠಿಯಲ್ಲಿ ಕೂತ ಗಂಡನನ್ನು ಗದರಿ ಕೆಲಸಕ್ಕೆ ಅಟ್ಟಿದವಳೂ ಅವಳೇ. ದುಡಿ ಎಂದಳು, ಹೆಚ್ಚಾದದ್ದನ್ನು ಇಟ್ಟುಕೊಳ್ಳಬೇಡ ಎಂದೂ ಅಂದಳು. ನಮ್ಮ ರಿಸೆಪ್ಷನ್ ಗೋಡೆಗೆ ಮೊದಲ ಅರ್ಧ ಮಾತ್ರ ಹಿಡಿಸಿದೆ. ಎರಡನೆಯದಕ್ಕೆ ಹಿತ್ತಾಳೆ ಸಾಲಲಿಲ್ಲವಂತೆ. ಲಕ್ಕಮ್ಮನೇನಾದರೂ ಯಾವುದೋ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಇದ್ದಿದ್ದರೆ, 534 ಪಟ್ಟಿನ ಕಡತ ಮೇಜಿಗೆ ಬಂದ ದಿನ ಅಧ್ಯಕ್ಷರು ಹೆಂಡತಿಯ ಮುಖವನ್ನಲ್ಲ, ನೆಲವನ್ನು ನೋಡಿಕೊಂಡು ಕೂರಬೇಕಾಗುತ್ತಿತ್ತು.

ಈ ರಾಜ್ಯದಲ್ಲಿ ಗೊಣಗುವುದನ್ನು ಬಿಟ್ಟು ರಸ್ತೆಗಿಳಿದವರ ಉದಾಹರಣೆ ಇಲ್ಲದಿಲ್ಲ. 2016ರ ಏಪ್ರಿಲ್. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮವನ್ನು ಕೇಂದ್ರ ಸರ್ಕಾರ ತಂದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟಿಗೆ ಸೂಪರ್‌ವೈಸರನ ಬೈಗುಳ ಕೇಳಿಸಿಕೊಂಡು, ಮೂತ್ರಕ್ಕೆ ಹೋಗಲೂ ಹಿಂಜರಿದು ಮಿಷನ್ ತುಳಿಯುವವರು, ಹೊಸೂರು ರಸ್ತೆಗೆ ಬಂದು ಕೂತುಬಿಟ್ಟರು. ಅವರಿಗೆ ನಾಯಕರಿರಲಿಲ್ಲ, ಬ್ಯಾನರ್ ಇರಲಿಲ್ಲ. ಮಗಳ ಮದುವೆಗೋ ಮಗನ ಫೀಜಿಗೋ ಎತ್ತಿಟ್ಟ ದುಡ್ಡಿಗೆ 58ರವರೆಗೆ ಕಾಯುವುದು ಹೇಗೆ ಎಂಬ ಒಂದೇ ಪ್ರಶ್ನೆ ಇತ್ತು. ಲಾಠಿ ಬೀಸಿತು, ಕಲ್ಲು ಹಾರಿತು, ಬಸ್ಸು ಸುಟ್ಟವು. ಎರಡೇ ದಿನದಲ್ಲಿ ದೆಹಲಿ ಆ ನಿಯಮವನ್ನು ವಾಪಸ್ಸು ತೆಗೆದುಕೊಂಡಿತು. ಲಾಭ ದೇಶದ ಎಲ್ಲ ಪಿಎಫ್‌ದಾರರಿಗೆ ಸಿಕ್ಕಿತು. ಆ ದಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ಈ ಹೆಂಗಸರಿಗೆ ಬೇರೆ ಕೆಲಸ ಇಲ್ಲವಾ ಎಂದು ಎಲೆಕ್ಟ್ರಾನಿಕ್ ಸಿಟಿಯ ಬಸ್ಸಿನೊಳಗಿನಿಂದ ಬೈದವರಿಗೂ ಸಿಕ್ಕಿತು.

ನಿಮ್ಮನ್ನು ಹೊಸೂರು ರಸ್ತೆಯಲ್ಲಿ ಕೂರಿ ಎಂದು ನಾನು ಹೇಳುವುದಿಲ್ಲ. ನಿಮಗೆ ಇಎಂಐ ಇದೆ, ಅಪ್ರೈಸಲ್ ಹತ್ತಿರ ಬಂದಿದೆ, ಗೊತ್ತು. ಒಂದು ಸಣ್ಣ ಕೆಲಸ ಮಾಡಿ. ಮುಂದಿನ ಸಲ ಎಪ್ಪತ್ತೋ ತೊಂಬತ್ತೋ ಗಂಟೆಯ ಭಾಷಣ ಕೇಳಿಬಂದಾಗ ಕೈಯೆತ್ತಿ, ಅಷ್ಟಕ್ಕೆ ಷೇರು ಎಷ್ಟು ಕೊಡುತ್ತೀರಿ ಸಾರ್ ಎಂದು ಕೇಳಿ. ಮೀಟಿಂಗಿನಲ್ಲಿ ಬಾಯಿ ಬರದಿದ್ದರೆ ಮೇಲ್ ಹಾಕಿ. ಮೇಲೇ ಒಳ್ಳೆಯದು, ಉತ್ತರ ಲಿಖಿತದಲ್ಲಿರುತ್ತದೆ.